ಸೊಪ್ಪಿನಬೆಟ್ಟದಲ್ಲಿ ಮತ್ತೆ ಕಾಡು ಬರಿಸೋದು ಹೇಗೆ? ಗಿಡ ನೆಡೋದು ಕೊನೇ ಕೆಲಸ!

ಜೂನ್ ಬಂತು ಅಂದ್ರೆ ಸಾಕು, ವಾಟ್ಸಾಪ್ ಗ್ರೂಪ್ ತುಂಬಾ ಗಿಡ ಹಿಡ್ಕೊಂಡ ಫೋಟೋಗಳು. ಮುಂದಿನ ಮಾರ್ಚಲ್ಲಿ ಆ ಗಿಡಗಳ ಫೋಟೋ ಯಾರೂ ಹಾಕಲ್ಲ, ಯಾಕೆ ಅಂತ ಎಲ್ರಿಗೂ ಗೊತ್ತು, ಒಂದೋ ದನ ತಿಂದಿರತ್ತೆ ಇಲ್ಲ ಬೆಂಕಿ ಬಿದ್ದಿರತ್ತೆ. ಸಿರ್ಸಿ, ಸಿದ್ದಾಪುರ, ಹೊನ್ನಾವರ, ಸಾಗರ ಕಡೆ ಇರೋರು, ಅಂದ್ರೆ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದ ಅಂಚಲ್ಲಿ ತೋಟ, ತೋಟಕ್ಕೆ ಸೊಪ್ಪು ತರೋ ಬೆಟ್ಟ (ಅದೇ ಸೊಪ್ಪಿನಬೆಟ್ಟ) ಇಟ್ಕೊಂಡಿರೋರು ನಿಜವಾಗ್ಲೂ ಏನು ಮಾಡಬಹುದು ಅಂತ ಇಲ್ಲಿ ಬರೀತಾ ಇದೀನಿ. ಈ ಅಭಯಾರಣ್ಯ 2019ರಲ್ಲಿ ಆಗಿದ್ದು, ಮೊದಲಿದ್ದ ಶರಾವತಿ ಅಭಯಾರಣ್ಯ, 2011ರಲ್ಲಿ ಘೋಷಣೆಯಾಗಿದ್ದ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ, ಅದರ ಜೊತೆ ಸುತ್ತಲಿನ ಒಂದಷ್ಟು ಮೀಸಲು ಅರಣ್ಯ ಎಲ್ಲಾ ಸೇರಿಸಿ ಸುಮಾರು 930 ಚದರ ಕಿಲೋಮೀಟರ್. ಆದ್ರೆ ಕಾಡು ಮ್ಯಾಪಲ್ಲಿರೋ ಗೆರೆ ನೋಡ್ಕೊಂಡು ನಿಲ್ಲಲ್ಲ, ಗೆರೆ ಆಚೆ ಇರೋ ನಮ್ಮ ಸೊಪ್ಪಿನಬೆಟ್ಟ, ಕಾನು (ದಟ್ಟ ಹಸಿರು ಕಾಡು), ಹಾಡಿ, ಹಳ್ಳದ ದಂಡೆ ಬೋಳಾದ್ರೆ ಒಳಗಿನ ಕಾಡೂ ತುಂಡು ತುಂಡಾಗತ್ತೆ, ಸಿಂಗಳೀಕ ಮರದಿಂದ ಮರಕ್ಕೆ ಹೋಗೋ ಪ್ರಾಣಿ, ನೆಲಕ್ಕೆ ಇಳಿಯೋದೇ ಅಪರೂಪ, ನಡುವೆ ಇನ್ನೂರು ಅಡಿ ಬಯಲು ಬಂದ್ರೆ ಅದಕ್ಕೆ ಅಲ್ಲಿಗೇ ದಾರಿ ಮುಗೀತು.

ಮೊದ್ಲು ಜಾಗ ಯಾರದ್ದು ಅಂತ ನೋಡ್ಕೊಳ್ಳಿ

ಬೋರಿಂಗ್ ಕೆಲಸ, ಆದ್ರೆ ಬಿಡೋ ಹಾಗಿಲ್ಲ. ಬೆಟ್ಟ ನಮ್ದು ಅಂತ ನಾವು ಹೇಳ್ತೀವಿ, ಕಾನೂನು ಪ್ರಕಾರ ಅದು ಸರ್ಕಾರದ ಜಾಗ, ನಮಗಿರೋದು ಸೊಪ್ಪು, ದರಕು (ಉದುರಿದ ಒಣ ಎಲೆ), ಕರಡ (ಬೆಟ್ಟದ ಹುಲ್ಲು) ತರೋ ಹಕ್ಕು ಮಾತ್ರ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 79ನೇ ಸೆಕ್ಷನ್ನಲ್ಲಿ ಉತ್ತರ ಕನ್ನಡದ ಬೆಟ್ಟ, ಹಾಡಿ, ಹಳೇ ಮೈಸೂರು ಕಡೆಯ ಕಾನು, ಸೊಪ್ಪಿನಬೆಟ್ಟ, ದಕ್ಷಿಣ ಕನ್ನಡದ ಕುಮ್ಕಿ ಎಲ್ಲಾ ಹೆಸರು ಹೇಳಿ ಇಂಥ ಸವಲತ್ತು ಅಂತ ಬರೆದಿದೆ. ಹಾಗಾಗಿ ಬೆಟ್ಟದಲ್ಲಿ ಮರ ಕಡಿಯೋದು, ಜೆಸಿಬಿ ತಗೊಂಡು ಹೋಗೋದು ಎಲ್ಲಾ ಅರಣ್ಯ ಇಲಾಖೆ ಕೇಳದೆ ಆಗಲ್ಲ. ಅಭಯಾರಣ್ಯದ ಒಳಗಂತೂ ಸ್ವಂತ ಇಚ್ಛೆಯಿಂದ ಒಂದು ಗಿಡ ನೆಡೋದಕ್ಕೂ ಹೋಗ್ಬೇಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 29ನೇ ಸೆಕ್ಷನ್ ಪ್ರಕಾರ ಅಲ್ಲಿನ ಹರಿಯೋ ನೀರನ್ನ ತಿರುಗಿಸೋದಕ್ಕೂ ಪರ್ಮಿಶನ್ ಬೇಕು, ತೋಟಕ್ಕೆ ಅಬ್ಬಿ ನೀರು (ಗುಡ್ಡದಿಂದ ಇಳಿದು ಬರೋ ನೀರು) ತರೋರು ಇದನ್ನ ನೆನಪಿಟ್ಕೊಳ್ಳಿ.

ಪಹಣಿ, ಸ್ಕೆಚ್ ತೆಗೆದಿಟ್ಕೊಳ್ಳಿ, ಗ್ರಾಮ ಅರಣ್ಯ ಸಮಿತಿ ಇದ್ರೆ ಅಲ್ಲಿ ಒಂದು ಮಾತು ಹಾಕಿ. ಪಂಚಾಯ್ತಿಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಅಂತ ಒಂದು ಇರ್ಬೇಕು, 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ. ಎಷ್ಟೋ ಕಡೆ ಅದು ಬರೀ ಫೈಲಲ್ಲಿ ಇರತ್ತೆ ಅನ್ನೋದು ಬೇರೆ ಮಾತು, ಆದ್ರೂ ಕೇಳಿದ್ರೆ ಜನತಾ ಜೀವವೈವಿಧ್ಯ ದಾಖಲಾತಿ ತೋರಿಸ್ಬೇಕು, ಅದರಲ್ಲಿ ನಿಮ್ಮೂರಲ್ಲಿ ಮೊದಲು ಯಾವ ಮರ ಇತ್ತು ಅನ್ನೋ ಮಾಹಿತಿ ಸಿಗತ್ತೆ. ಸಿಗ್ಲಿಲ್ಲ ಅಂದ್ರೆ ಊರಿನ ಹಿರಿಯರನ್ನ ಬೆಟ್ಟಕ್ಕೆ ಕರ್ಕೊಂಡು ಹೋಗಿ.

ಒಂದು ವರ್ಷ ಏನೂ ನೆಡ್ಬೇಡಿ

ಇದನ್ನ ಹೇಳಿದ್ರೆ ಜನ ಬೇಜಾರ್ ಮಾಡ್ಕೊತಾರೆ ಆದ್ರೂ ಇದೇ ಮುಖ್ಯ. ನಮ್ಮ ಕಡೆ ಮಳೆ 2500 ಮಿಲಿಮೀಟರಿನ ಆಸುಪಾಸು, ಘಟ್ಟದ ಅಂಚಿಗೆ ಹೋದ್ರೆ ಇನ್ನೂ ಜಾಸ್ತಿ. ಇಷ್ಟು ಮಳೆ ಬೀಳೋ ಕಡೆ ಬೋಳು ಅನ್ನಿಸೋ ಬೆಟ್ಟದಲ್ಲೂ ನೆಲದೊಳಗೆ ಬೇರು ಜೀವ ಇಟ್ಕೊಂಡಿರತ್ತೆ. ಮಳೆಗಾಲ ಮುಗಿದ ಮೇಲೆ, ಅಕ್ಟೋಬರಲ್ಲಿ, ಐದು ಮೀಟರ್ ಉದ್ದ ಐದು ಮೀಟರ್ ಅಗಲ ಹಗ್ಗ ಕಟ್ಟಿ ಅದರೊಳಗೆ ಬಗ್ಗಿ ನೋಡಿ. ಮೇಲಿಂದ ನೋಡಿದ್ರೆ ಬರೀ ಕಮ್ಯುನಿಸ್ಟ್ ಗಿಡ (ಯುಪಟೋರಿಯಂ), ಅದರ ಬುಡ ಸರಿಸಿದ್ರೆ ಮೊಣಕಾಲೆತ್ತರದ ಮತ್ತಿ, ದನ ಮೇಯ್ದು ಮೇಯ್ದು ಕುರುಚಲಾಗಿರೋ ಕಿಂದಳ, ಎರಡೆಲೆ ಬಿಟ್ಟ ನೇರಳೆ, ಕೌಲು, ಜಂಬೆ ಕಾಣತ್ತೆ. ಆ ಮತ್ತಿ ಗಿಡದ ಬುಡ ಮುಟ್ಟಿ ನೋಡಿ, ಗಿಡ ಬೆರಳು ದಪ್ಪ, ಬೇರಿನ ಗಂಟು ಮುಷ್ಟಿ ದಪ್ಪ ಇರತ್ತೆ. ವರ್ಷಾ ವರ್ಷ ಸುಟ್ಟು, ಕಡಿದು, ಮೇಯ್ದು ಆದ್ರೂ ಚಿಗುರ್ತಾನೇ ಬಂದಿದೆ ಅಂತ ಅರ್ಥ. ಇದನ್ನ ಬಿಟ್ಟು ನರ್ಸರಿಯಿಂದ ತಂದ ಆರು ತಿಂಗಳ ಗಿಡ ನೆಟ್ರೆ ಅದು ಈ ಗಿಡದ ಹತ್ರ ಯಾವ ಕಾಲಕ್ಕೂ ಓಟ ಗೆಲ್ಲಲ್ಲ.

ಅಂಥಾ ಸಸಿಗಳನ್ನ ಎಣಿಸಿ ಬರ್ಕೊಳ್ಳಿ. ನಾಲ್ಕೈದು ಕಡೆ ಹಗ್ಗ ಕಟ್ಟಿ ನೋಡಿದಾಗ ಪ್ರತಿ ಚೌಕದಲ್ಲೂ ಕಾಡುಜಾತಿಯ ಐದಾರು ಸಸಿ ಇದ್ರೆ ಅಲ್ಲಿ ನೆಡೋ ಅವಶ್ಯಕತೆನೇ ಇಲ್ಲ, ಕಾಯೋದು ಸಾಕು. ಒಂದೂ ಇಲ್ಲ ಅಂದ್ರೆ ಅಲ್ಲಿ ನೆಡೋ ಪ್ಲಾನ್ ಮಾಡಿ. ಚಿಗುರಿರೋ ಬೊಡ್ಡೆಯಲ್ಲಿ ಹತ್ತು ಕವಲು ಇದ್ರೆ ಗಟ್ಟಿ ಇರೋ ಎರಡು ಉಳಿಸ್ಕೊಂಡು ಉಳಿದಿದ್ದನ್ನ ಸೊಪ್ಪಿಗೆ ತಗೊಳ್ಳಿ, ಎರಡು ಮೂರು ಮಳೆಗಾಲದಲ್ಲಿ ತಲೆ ಮೇಲೆ ಹೋಗತ್ತೆ. ಚಂದಕಲು ತಾನಾಗೇ ಎದ್ದಿದ್ರೆ ಅದನ್ನ ಕಡೀಬೇಡಿ, ನಾಟಾಕ್ಕೆ (ಮರಮುಟ್ಟಿಗೆ) ಬರಲ್ಲ ಅಂತ ಕಡಿಯೋರು ಜಾಸ್ತಿ, ಆದ್ರೆ ಮುಂದೆ ಬರೋ ಕಾನುಜಾತಿ ಸಸಿಗಳಿಗೆ ನೆರಳು ಕೊಡೋದು ಅದೇ.

ದರಕು, ಸೊಪ್ಪು, ದನ

ಅಡಿಕೆ ತೋಟ ಇರೋ ಮನೇಲಿ ಸೊಪ್ಪು ತರ್ಬೇಡಿ ಅಂತ ಹೇಳಿದ್ರೆ ಯಾರೂ ಕೇಳಲ್ಲ, ಕೇಳೋ ಹಾಗೂ ಇಲ್ಲ. ಆದ್ರೆ ಕ್ರಮ ಬದಲಾಯಿಸಬಹುದು. ಬೆಟ್ಟವನ್ನ ನಾಲ್ಕು ಪಾಲು ಅಂತ ಅಂದಾಜು ಮಾಡ್ಕೊಳ್ಳಿ, ಒಂದು ವರ್ಷ ಒಂದು ಪಾಲಲ್ಲಿ ದರಕು ಗುಡಿಸೋದೇ ಬೇಡ. ಫೆಬ್ರವರಿ, ಮಾರ್ಚಲ್ಲಿ ನೆಲ ಕಾಣೋ ಹಾಗೆ ಗುಡಿಸಿ ಒಯ್ದ ಬೆಟ್ಟದಲ್ಲಿ ಮೊದಲ ಮಳೆಗೇ ಕೆಂಪು ನೀರು ಇಳಿಯತ್ತೆ, ಎಲೆ ಇರೋ ಕಡೆ ನೀರು ತಿಳಿಯಾಗಿ ನಿಧಾನಕ್ಕೆ ಬರತ್ತೆ, ಅಕ್ಕಪಕ್ಕದ ಎರಡು ಪಾಲಲ್ಲಿ ನಿಂತು ನೋಡಿದ್ರೆ ಯಾರಿಗೂ ಪಾಠ ಬೇಡ. ಹವಾಮಾನ ಬದಲಾವಣೆ, ಕಾರ್ಬನ್ ಅಂತೆಲ್ಲಾ ಮಾತಾಡ್ತೀವಲ್ಲ, ಬೆಟ್ಟದ ಕಾರ್ಬನ್ ಮರದಲ್ಲಿ ಮಾತ್ರ ಇರೋದಲ್ಲ, ಈ ಕೊಳೆತ ಎಲೆ ಮತ್ತೆ ಅದರ ಕೆಳಗಿನ ಕಪ್ಪು ಮಣ್ಣಲ್ಲೂ ಇರೋದು. ಅದನ್ನ ಹೊತ್ಕೊಂಡು ಹೋಗಿ ಮೇಲಿಂದ ಗಿಡ ನೆಟ್ರೆ ಲೆಕ್ಕ ಎಲ್ಲಿಗೆ ಬಂತು?

ಸೊಪ್ಪು ಕಡಿಯುವಾಗ ಮರದ ಮೇಲಿನ ಮೂರನೇ ಒಂದು ಭಾಗ ಮುಟ್ಟಬೇಡಿ, ತುದಿ ಕುಡಿ ಹೋದ್ರೆ ಮರ ಬೀಜ ಬಿಡೋದೇ ನಿಲ್ಲಿಸತ್ತೆ. ಒಂದೇ ಮರನ ಪ್ರತಿ ವರ್ಷ ಬೋಳಿಸಬೇಡಿ, ಎರಡು ಮೂರು ವರ್ಷಕ್ಕೊಮ್ಮೆ ಸಾಕು. ಗೋಬರ್ ಗ್ಯಾಸ್ ಇರೋ ಮನೇಲಿ ತೋಟದ ಗೊಬ್ಬರಕ್ಕೆ ಸ್ಲರಿ ಸಿಗತ್ತೆ, ಕಟ್ಟಿಗೆನೂ ಉಳಿಯತ್ತೆ. ಸಿರ್ಸಿ ಕಡೆ ಗೋಬರ್ ಗ್ಯಾಸ್ ಹಳೇ ವಿಷಯ, ಆದ್ರೆ ದನ ಕಮ್ಮಿ ಆಗಿ ಎಷ್ಟೋ ಪ್ಲಾಂಟ್ ಮುಚ್ಚಿ ಕೂತಿದೆ, ಅಂಥದ್ದು ಮನೇಲಿದ್ರೆ ಮೊದ್ಲು ಅದನ್ನ ರಿಪೇರಿ ಮಾಡ್ಸಿ, ನೂರು ಗಿಡ ನೆಟ್ಟಿದ್ದಕ್ಕಿಂತ ಇದು ಬೇಗ ಲೆಕ್ಕಕ್ಕೆ ಬರತ್ತೆ. ಅಡಿಕೆ ಬೇಯಿಸೋ ಒಲೆನೂ ಒಮ್ಮೆ ನೋಡಿ, ಬೆಂಕಿ ಹಂಡೆಗೆ ತಾಗೋದಕ್ಕಿಂತ ಹೊರಗೆ ಹೋಗೋದೇ ಜಾಸ್ತಿ ಇದ್ರೆ ಅಷ್ಟೂ ಕಟ್ಟಿಗೆ ಬರೋದು ಬೆಟ್ಟದಿಂದಾನೆ.

ದನಕ್ಕೆ ಬೇಲಿ: ಮುಳ್ಳುತಂತಿ ದುಡ್ಡಿನ ಬಾಬ್ತು, ಕಾಡುಪ್ರಾಣಿಗೂ ಗಾಯ ಆಗತ್ತೆ. ಒಣ ಮುಳ್ಳಿನ ಬೇಲಿ, ಅಗಳ (ದನ ದಾಟದ ಹಾಗೆ ತೋಡಿದ ಕಂದಕ), ಇಲ್ಲಾ ಊರವರು ಸೇರಿ ಈ ಪಾಲಿಗೆ ಮೂರು ವರ್ಷ ದನ ಬಿಡಲ್ಲ ಅಂತ ಮಾತು ಮಾಡ್ಕೊಳ್ಳೋದು. ಕೊನೇದೇ ಒಳ್ಳೇದು, ಕಷ್ಟನೂ ಅದೇ.

ಬೆಂಕಿ

ಜನವರಿಯಿಂದ ಮೇವರೆಗೆ ಇದೊಂದೇ ಕೆಲಸ ಮಾಡಿದ್ರೂ ಸಾಕು ಅನ್ನೋಷ್ಟು ಇದು ಮುಖ್ಯ. ಬೆಟ್ಟದ ಗಡಿ ಸುತ್ತ, ರಸ್ತೆ ಕಡೆ, ಕಾಲುದಾರಿ ಪಕ್ಕ, ಮೂರು ನಾಲ್ಕು ಮೀಟರ್ ಅಗಲ ದರಕು ಗುಡಿಸಿ ಒಳಗಡೆಗೆ ಎಳೀರಿ, ಸುಡಬೇಡಿ. ಜನವರಿ ಕೊನೆಗೆ ಒಮ್ಮೆ, ಎಲೆ ಪೂರ್ತಿ ಉದುರಿದ ಮೇಲೆ ಮಾರ್ಚಲ್ಲಿ ಇನ್ನೊಮ್ಮೆ. ಒಮ್ಮೆ ಗುಡಿಸಿ ಆಯ್ತು ಅಂತ ಕೂತ್ರೆ ಗಾಳಿ ಮತ್ತೆ ಎಲೆ ತುಂಬ್ಸತ್ತೆ. ಬೀಟ್ ಗಾರ್ಡ್ ನಂಬರು ಮನೆಯ ಎಲ್ಲರ ಮೊಬೈಲಲ್ಲೂ ಇರ್ಲಿ. ಕರಡ ಚೆನ್ನಾಗಿ ಬರತ್ತೆ ಅಂತ ಬೆಂಕಿ ಕೊಡೋರು ಈಗ್ಲೂ ಇದಾರೆ, ಅವರ ಹತ್ರ ಜಗಳ ಮಾಡೋದಕ್ಕಿಂತ ಅವರಿಗೆ ಬೇಕಾದ ಕರಡನ್ನ ನವೆಂಬರಲ್ಲೇ ಕೊಯ್ದುಕೊಳ್ಳೋಕೆ ಬಿಡೋದು ಬುದ್ಧಿವಂತಿಕೆ, ಸುಡೋಕೆ ಹುಲ್ಲೂ ಉಳಿಯಲ್ಲ.

ಅಕೇಶಿಯಾ ಇರೋ ಕಡೆ ಬೆಂಕಿ ಬಿದ್ರೆ ಇನ್ನೊಂದು ತಾಪತ್ರಯ, ನೆಲದಲ್ಲಿ ಬಿದ್ದಿರೋ ಅದರ ಬೀಜ ಬಿಸಿಗೆ ಸಿಪ್ಪೆ ಒಡೆದು ಮಳೆ ಬಂದ ಕೂಡ್ಲೇ ಚಾಪೆ ಹಾಸಿದ ಹಾಗೆ ಹುಟ್ಟತ್ತೆ.

ಅಕೇಶಿಯಾ, ಯುಪಟೋರಿಯಂ, ಲಂಟಾನ

ಅಕೇಶಿಯಾ ಕಂಡ್ರೆ ಈಗ ಎಲ್ರಿಗೂ ಸಿಟ್ಟು, ಎಲ್ಲಾ ಒಮ್ಮೆಲೇ ಕಡಿದು ಹಾಕಿ ಅಂತ ಹೇಳ್ತಾರೆ. ಹಾಗೆ ಮಾಡಿದ್ರೆ ಒಮ್ಮೆಲೇ ಬಿಸಿಲು ಬಿದ್ದು ಕಳೆ ಏಳತ್ತೆ, ಇಳಿಜಾರಾದ್ರೆ ಮಣ್ಣೂ ಹೋಗತ್ತೆ. ಹಳೇ ಅಕೇಶಿಯಾ ತೋಪಿನ ಪಕ್ಕದಲ್ಲಿ ಕಾನು ಇದ್ರೆ ಹಕ್ಕಿ ತಂದು ಹಾಕಿದ ಬೀಜದಿಂದ ಬುಡದಲ್ಲಿ ಕಾಡುಗಿಡ ಎದ್ದಿರತ್ತೆ, ಮೊದ್ಲು ಅದನ್ನ ನೋಡಿ. ಆಮೇಲೆ ಇಲಾಖೆ ಒಪ್ಪಿಗೆ ತಗೊಂಡು ಮೂರ್ನಾಲ್ಕು ಕಂತಲ್ಲಿ ತೆಗೀಬೇಕು, ಕೆಳಗೆ ಸಸಿ ಜಾಸ್ತಿ ಇರೋ ಕಡೆಯ ಮರ ಮೊದಲು.

ಯುಪಟೋರಿಯಂ ಕೀಳೋದಕ್ಕೆ ಆಗಸ್ಟ್, ಸೆಪ್ಟೆಂಬರ್ ಸರಿಯಾದ ಟೈಮು, ನೆಲ ಮೆತ್ತಗಿರತ್ತೆ, ಹೂ ಇನ್ನೂ ಬಂದಿರಲ್ಲ. ಕತ್ತಿಲಿ ಕಡಿದ್ರೆ ದುಪ್ಪಟ್ಟು ಚಿಗುರತ್ತೆ, ಬೇರು ಸಮೇತ ಕಿತ್ತು ಬೇರು ಮೇಲೆ ಮಾಡಿ ಅಲ್ಲೇ ಹಾಕಿ. ಇಡೀ ಬೆಟ್ಟ ಕ್ಲೀನ್ ಮಾಡೋಕೆ ಹೋಗ್ಬೇಡಿ, ಕಾಡುಸಸಿ ಸುತ್ತ ಒಂದು ಮಾರು ಜಾಗ ಬಿಡಿಸಿದ್ರೆ ಸಾಕು, ನೆರಳು ಬಿದ್ದ ಮೇಲೆ ಅದು ತಾನಾಗೇ ಸಾಯತ್ತೆ. ಲಂಟಾನಕ್ಕೆ ಬುಡದ ಹತ್ರ ಮಣ್ಣು ಬಿಡಿಸಿ, ನೆಲದಿಂದ ಒಂದೆರಡು ಇಂಚು ಕೆಳಗೆ ತಾಯಿಬೇರು ಕಡಿದು, ಪೊದೆನ ತಲೆಕೆಳಗು ಮಾಡಿ ಒಣಗೋಕೆ ಬಿಡ್ಬೇಕು. ಹಕ್ಕಿ ಕೂರೋ ಮರದ ಬುಡದಲ್ಲಿ ಮರಿಗಿಡ ಮತ್ತೆ ಮತ್ತೆ ಹುಟ್ಟತ್ತೆ, ಎರಡು ಮೂರು ವರ್ಷ ಅಲ್ಲಿ ಕಣ್ಣಿಡಿ.

ನೀರು ಇಂಗಿಸೋದು, ಹುಷಾರಾಗಿ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ತೀನಿ ಯಾಕಂದ್ರೆ ಇಂಗುಗುಂಡಿ ಅಂದ್ರೆ ಪುಣ್ಯದ ಕೆಲಸ ಅಂತ ಜನ ತಲೆಗೆ ಹಚ್ಕೊಂಡಿದಾರೆ. ಬಯಲುಸೀಮೆಗೆ ಸರಿ. ನಮ್ಮಲ್ಲಿ ಒಂದೇ ದಿನಕ್ಕೆ 200, 300 ಮಿಲಿಮೀಟರ್ ಸುರಿಯೋ ದಿನಗಳು ಇರತ್ತೆ, ಕಡಿದಾದ ಗುಡ್ಡ, ಮೇಲೆ ದಪ್ಪ ಮಣ್ಣು, ಕೆಳಗೆ ಜೇಡಿ. ಅಂಥಾ ಕಡೆ ಜೆಸಿಬಿಲಿ ಉದ್ದಕ್ಕೆ ಟ್ರೆಂಚ್ ಹೊಡೆದು ನೀರು ನಿಲ್ಸಿದ್ರೆ ಗುಡ್ಡದ ಹೊಟ್ಟೆಗೇ ನೀರು ತುಂಬಿಸಿದ ಹಾಗೆ. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟಗಳೇ ಕೊಚ್ಚಿಹೋಗಿದ್ದು, 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿದ್ದಿದ್ದು ಎಲ್ರೂ ನೋಡಿದೀವಿ. ಅಲ್ಲಿ ಇಂಗುಗುಂಡಿಯಿಂದ ಆಯ್ತು ಅಂತ ನಾನು ಹೇಳ್ತಾ ಇಲ್ಲ, ನಮ್ಮ ಗುಡ್ಡಗಳ ತಾಳಿಕೆ ಎಷ್ಟು ಅನ್ನೋದು ಗೊತ್ತಿರ್ಲಿ ಅಂತ ಹೇಳಿದ್ದು.

ಹಾಗಾದ್ರೆ ಏನು ಮಾಡೋದು? ಗುಡ್ಡ ಕಡಿದಾಗಿರೋ ಕಡೆ ಅಗೀಬೇಡಿ, ಮುಗೀತು. ಅಲ್ಲಿ ಎಲೆ, ಹುಲ್ಲು, ಬೇರು ಇವೇ ಇಂಗುಗುಂಡಿ. ಸಣ್ಣ ಕೊರಕಲು ಬಿದ್ದಿದ್ರೆ ಮೇಲಿನ ತುದಿಯಿಂದ ಶುರು ಮಾಡಿ ಹತ್ತಿಪ್ಪತ್ತು ಅಡಿಗೊಂದು ಒಣಕೊಂಬೆ, ಕಲ್ಲು ಅಡ್ಡ ಇಡಿ, ಮೊಣಕಾಲಿಗಿಂತ ಕೆಳಗೇ ಇರ್ಲಿ, ನಡುವೆ ತಗ್ಗು ಬಿಡಿ ನೀರು ಮಧ್ಯದಿಂದಾನೇ ದಾಟ್ಬೇಕು, ಇಲ್ಲಾಂದ್ರೆ ಪಕ್ಕದ ಮಣ್ಣು ಕೊರೆದು ಹೊಸ ದಾರಿ ಮಾಡ್ಕೊಳ್ಳತ್ತೆ. ಕೆಳಗಿಂದ ಶುರು ಮಾಡಿದ್ರೆ ಮೇಲಿನ ನೀರಿನ ರಭಸಕ್ಕೆ ಒಂದೂ ನಿಲ್ಲಲ್ಲ.

ಇಳಿಜಾರು ಕಮ್ಮಿ ಇದ್ದು ಜಂಬಿಟ್ಟಿಗೆ ನೆಲ ಇದ್ರೆ ಮಾತ್ರ ಕೈಯಲ್ಲಿ ಅಗೆದ ಸಣ್ಣ ಗುಂಡಿ, ಒಂದರಿಂದ ಒಂದೂವರೆ ಅಡಿ ಆಳ, ಆರೆಂಟು ಅಡಿ ಉದ್ದ, ಬಿಟ್ಟು ಬಿಟ್ಟು. ಸಮಮಟ್ಟದ ಗೆರೆ ಹಿಡಿಯೋಕೆ ಇಂಜಿನಿಯರ್ ಬೇಡ. ಆರಡಿಯ ಎರಡು ದೊಣ್ಣೆ ಮೇಲೆ ಕಟ್ಟಿ ಕಾಲು ಅಗಲಿಸಿ, ನಡುವೆ ಅಡ್ಡಕೋಲು ಬಿಗೀರಿ, ಮೇಲಿನ ಗಂಟಿಂದ ದಾರಕ್ಕೆ ಕಲ್ಲು ಇಳಿಬಿಡಿ. ಎರಡು ಕಾಲು ಊರಿದ ಜಾಗಕ್ಕೆ ಗುರುತು ಹಾಕಿ, ದಾರ ಅಡ್ಡಕೋಲಿಗೆ ತಾಗೋ ಕಡೆ ಒಂದು ಗೀಟು, ಕಾಲು ಅದಲುಬದಲು ಮಾಡಿ ಅದೇ ಜಾಗದಲ್ಲಿ ನಿಲ್ಸಿ ಇನ್ನೊಂದು ಗೀಟು, ಎರಡರ ಮಧ್ಯ ಮೂರನೇದು. ಆ ಮೂರನೇ ಗೀಟಿಗೆ ದಾರ ನಿಂತ್ರೆ ಎರಡೂ ಕಾಲು ಒಂದೇ ಮಟ್ಟದಲ್ಲಿದೆ ಅಂತ. ಹೀಗೆ ಹೆಜ್ಜೆ ಹಾಕಿಸ್ಕೊಂಡು ಗುಡ್ಡ ಸುತ್ತಿ, ಗೂಟ ಹೊಡ್ಕೊಂಡು ಹೋಗಿ.

ಮಳೆಗಾಲದಲ್ಲಿ ಬೆಟ್ಟದಲ್ಲಿ ಹೊಸದಾಗಿ ಬಿರುಕು ಬಿಟ್ರೆ, ನೆಟ್ಟಗಿದ್ದ ಮರ ವಾಲಿದ್ರೆ, ಇಲ್ಲದ ಕಡೆ ಒರತೆ ಎದ್ದು ಕೆಸರು ನೀರು ಬಂದ್ರೆ ಗಿಡ ಗಿಡ ಅಂತ ಅಲ್ಲಿಗೆ ಹೋಗೋದಲ್ಲ, ಕೆಳಗಿನ ಮನೆಯವರನ್ನ ಎಬ್ಬಿಸಿ ಜಾಗ ಖಾಲಿ ಮಾಡ್ಸಿ, ತಹಶೀಲ್ದಾರ್ ಆಫೀಸಿಗೆ ಫೋನ್ ಮಾಡಿ.

ಜಡ್ಡಿ ಇದ್ರೆ ನೀವು ಅದೃಷ್ಟವಂತರು

ಹಳ್ಳದ ಮೂಲದಲ್ಲಿ ವರ್ಷವಿಡೀ ಒದ್ದೆ ಇರೋ ಜಾಗ, ಅಲ್ಲಿ ಮಂಡಿ ಮಡಚಿದ ಹಾಗೆ ಬೇರು ನೆಲದಿಂದ ಮೇಲೆದ್ದು ಮತ್ತೆ ಒಳಗೆ ಹೋಗಿರೋ ಮರ ಕಂಡ್ರೆ ಅದು ರಾಮಪತ್ರೆ ಜಡ್ಡಿ ಇರಬಹುದು. ಕೆಸರಲ್ಲಿ ಗಾಳಿ ಸಿಗಲ್ಲ, ಅದಕ್ಕೆ ಬೇರು ಮೇಲೆ ಬಂದು ಉಸಿರಾಡತ್ತೆ. ಸಿದ್ದಾಪುರ ತಾಲೂಕಿನ ಕತ್ತಲೆಕಾನಲ್ಲಿ ಇಂಥಾ ಜಡ್ಡಿ ಇದೆ, ಅಲ್ಲಿ ಸಿಕ್ಕ ಗೇರು ಜಾತಿಯ ಒಂದು ಮರಕ್ಕೆ ಸಸ್ಯಶಾಸ್ತ್ರದವರು ಕತ್ತಲೆಕಾನಿನ ಹೆಸರನ್ನೇ ಇಟ್ಟಿದಾರೆ. ಎಷ್ಟೋ ಜಡ್ಡಿ ನಮ್ಮ ಹಿರಿಯರ ಕಾಲದಲ್ಲೇ ಗದ್ದೆ, ತೋಟ ಆಗಿಹೋಗಿದೆ, ಉಳಿದಿರೋದು ಚೂರು ಪಾರು.

ಇಲ್ಲಿ ನಿಯಮ ಸುಲಭ: ಕಾಲುವೆ ತೋಡಿ ಬಸೀಬೇಡಿ, ಮೂಲಕ್ಕೇ ಪೈಪ್ ಹಾಕಿ ಪೂರ್ತಿ ನೀರು ಎಳೀಬೇಡಿ. ಮೊದಲು ಅಡಿಕೆ ದಂಬೆಯಲ್ಲಿ (ಸೀಳಿ ಟೊಳ್ಳು ಮಾಡಿದ ಅಡಿಕೆ ಮರದಲ್ಲಿ) ನೀರು ತರ್ತಿದ್ರು, ಅರ್ಧ ದಾರೀಲೇ ಸೋರಿ ಹಳ್ಳಕ್ಕೆ ಸೇರ್ತಿತ್ತು, ಪೈಪ್ ಹಾಗಲ್ಲ, ಕೊನೇ ಹನಿವರೆಗೂ ತರತ್ತೆ. ಟ್ಯಾಂಕ್ ತುಂಬಿದ ಮೇಲೆ ವಾಲ್ವ್ ಮುಚ್ಚಿ, ನೀರು ಹಳ್ಳಕ್ಕೇ ಹೋಗ್ಲಿ. ಜಡ್ಡಿ ಅಂಚಲ್ಲಿ ಜಾಗ ಖಾಲಿ ಇದ್ರೆ ಅಲ್ಲೇ ಬಿದ್ದ ರಾಮಪತ್ರೆ ಬೀಜ ಹೆಕ್ಕಿ ಅಲ್ಲೇ ಊರಿ. ಈ ಬೀಜ ಒಣಗಿದ್ರೆ ಸತ್ತ ಹಾಗೆ, ಡಬ್ಬಿಲಿ ಇಟ್ಟು ಮುಂದಿನ ವರ್ಷ ನೆಡ್ತೀನಿ ಅಂದ್ರೆ ಆಗಲ್ಲ. ಒದ್ದೆ ಮರಳಲ್ಲಿ ಮುಚ್ಚಿ ನೆರಳಲ್ಲಿಟ್ಟು ಮೊಳಕೆ ಬರ್ಸಿದ್ರೂ ಆಗತ್ತೆ. ಧೂಪದ ಬೀಜಕ್ಕೂ ಇದೇ ಮಾತು.

ಕೊನೆಗೆ ನೆಡೋದು

ಒಂದು ವರ್ಷದ ಲೆಕ್ಕ ನೋಡಿ ಖಾಲಿ ಉಳಿದ ಕಡೆ ಮಾತ್ರ. ನೆತ್ತಿಯ ಕಲ್ಲುನೆಲಕ್ಕೆ ನೆಲ್ಲಿ, ಅಳಲೆ, ಕೌಲು, ಹೊನ್ನೆ, ಮತ್ತಿ. ಇಳಿಜಾರಿಗೆ ನಂದಿ, ಕಿಂದಳ, ಹೆಬ್ಬಲಸು, ಮುರುಗಲು, ಹೈಗ. ಹಳ್ಳದ ಪಕ್ಕಕ್ಕೆ ಉಪ್ಪಾಗೆ, ಹೊಳೆದಾಸವಾಳ, ಬೈನೆ, ನೀರಂಚಿಗೆ ಕೇದಿಗೆ. ಉಪ್ಪಾಗೆ ಸಿಂಗಳೀಕಕ್ಕೂ ಬೇಕು ನಮಗೂ ಬೇಕು, ಒಣಸಿಪ್ಪೆಗೆ ರೇಟ್ ಇದೆ ಅಂತ ಕಾಯಿ ಇರುವಾಗ್ಲೇ ಕೊಂಬೆ ಕಡಿದು ಇಳಿಸೋದು ನಮ್ಮಲ್ಲಿ ಹಳೇ ಚಾಳಿ, ಹಣ್ಣಾಗಿ ಬಿದ್ದಿದ್ದನ್ನ ಹೆಕ್ಕಿದ್ರೆ ಇಬ್ರಿಗೂ ಆಗತ್ತೆ, ಬೀಜನೂ ಅಲ್ಲೇ ಉಳಿಯತ್ತೆ.

ಕಾನಿಗೂ ಬೆಟ್ಟಕ್ಕೂ ನಡುವೆ ಗ್ಯಾಪ್ ಇದ್ರೆ ಮೊದಲು ಅಲ್ಲಿ ನೆಡಿ, ಮರದ ತಲೆ ತಲೆ ಕೂಡಬೇಕು. ಮೇ ತಿಂಗಳ ಒಂದೆರಡು ಮಳೆಗೆ ಗುಂಡಿ ತೆಗೆದು, ಜೂನಲ್ಲಿ ಮಳೆ ಹಿಡಿದ ಮೇಲೆ ನೆಡಿ, ಜುಲೈ ಅಬ್ಬರಕ್ಕೆ ಮುಂಚೆ ಮುಗೀಲಿ. ಪ್ಲಾಸ್ಟಿಕ್ ತೆಗೆದು, ಸುತ್ತಿಕೊಂಡ ಬೇರು ಚೂರು ಕತ್ತರಿಸಿ, ಬುಡಕ್ಕೆ ಮಣ್ಣು ಏರಿಸಿ, ತಗ್ಗಾಗಿ ಬಿಟ್ರೆ ನೀರು ನಿಂತು ಕೊಳೆಯತ್ತೆ. ದೊಡ್ಡ ಗಿಡದ ಆಸೆ ಬೇಡ, ಒಂದೂವರೆ ಅಡಿ ಸಾಕು. ಸಾಲು ಹಿಡಿದು ನೆಡ್ಬೇಡಿ. ಬ್ಯಾಣ ಇದ್ರೆ, ಮೊದಲಿಂದಾನೂ ಹುಲ್ಲೇ ಇದ್ದ ಜಾಗ ಆದ್ರೆ, ಅಲ್ಲಿ ನೆಡ್ಲೇಬೇಡಿ, ಕಾಡುಕೋಣಕ್ಕೂ ದನಕ್ಕೂ ಅದು ಬೇಕು, ಹುಲ್ಲುಗಾವಲೂ ಒಂದು ಕಾಡೇ.

ನಿಮ್ಮ ಸ್ವಂತ ಜಾಗದಲ್ಲಿ ನೆಡೋದಾದ್ರೆ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಇದೆ, ಕಮ್ಮಿ ರೇಟಿಗೆ ಗಿಡ ಸಿಗತ್ತೆ, ಬದುಕಿ ಉಳಿದ ಗಿಡಕ್ಕೆ ಮೂರು ವರ್ಷ ಕಂತಲ್ಲಿ ದುಡ್ಡು ಬರತ್ತೆ, ಈಗಿನ ರೇಟ್ ರೇಂಜ್ ಆಫೀಸಲ್ಲಿ ಕೇಳ್ಕೊಳ್ಳಿ. ನರ್ಸರಿಲಿ ಸಾಗುವಾನಿ, ಸಿಲ್ವರ್ ಓಕ್ ಮುಂದೆ ಮಾಡ್ತಾರೆ, ಕಾಡುಜಾತಿ ಬೇಕು ಅಂತ ಹಿಂದಿನ ಬೇಸಿಗೆಲೇ ಬರೆದು ಕೊಟ್ರೆ ಬೆಳೆಸಿ ಕೊಡೋ ಚಾನ್ಸ್ ಇದೆ.

ಲೆಕ್ಕ ಇಡೋದು, ಮತ್ತೆ ಏಜೆಂಟರು

ಒಂದೇ ಬಂಡೆ ಮೇಲೆ ನಿಂತು ಪ್ರತಿ ಅಕ್ಟೋಬರ್, ಪ್ರತಿ ಮಾರ್ಚಲ್ಲಿ ಒಂದೇ ದಿಕ್ಕಿಗೆ ಫೋಟೋ ತೆಗೀರಿ. ಹಗ್ಗ ಕಟ್ಟಿದ ಚೌಕಗಳನ್ನ ವರ್ಷಕ್ಕೊಮ್ಮೆ ಮತ್ತೆ ಎಣಿಸಿ. ಒರತೆಗೆ ಹತ್ತು ಲೀಟರ್ ಬಕೆಟ್ ಹಿಡಿದು ಮೊಬೈಲಲ್ಲಿ ಟೈಮ್ ನೋಡಿ, 20 ಸೆಕೆಂಡಿಗೆ ತುಂಬಿದ್ರೆ ನಿಮಿಷಕ್ಕೆ 30 ಲೀಟರ್, ಜನವರಿಯಿಂದ ಮೇ ತನಕ ತಿಂಗಳಿಗೊಮ್ಮೆ ಬರೆದಿಡಿ. ಒಂದೆರಡು ವರ್ಷಕ್ಕೆ ಬದಲಾವಣೆ ಕಾಣದೇ ಇರಬಹುದು, ಮಳೆ ಹೆಚ್ಚುಕಮ್ಮಿನೂ ಅದರಲ್ಲಿ ಸೇರಿರತ್ತೆ, ಹಾಗಾಗಿ ಮಳೆ ಲೆಕ್ಕನೂ ಪಕ್ಕದಲ್ಲೇ ಇರ್ಲಿ. ಎಷ್ಟೋ ಅಡಿಕೆ ಬೆಳೆಗಾರರ ಮನೇಲಿ ಮಳೆ ಮಾಪಕ ಇರತ್ತೆ, ಇಲ್ಲಾಂದ್ರೆ ಪಕ್ಕದ ಮನೇಲಿ ಕೇಳಿ.

ಇದೇ ಕಣಿವೆಯಲ್ಲಿ ತಲಕಳಲೆ, ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ (ಕೆಳಗಿನ ನೀರನ್ನ ಮೇಲಕ್ಕೆ ಪಂಪ್ ಮಾಡಿಟ್ಟು ಬೇಕಾದಾಗ ಇಳಿಸಿ ಕರೆಂಟ್ ಮಾಡೋ) ಯೋಜನೆನ ಹಸಿರು ಕರೆಂಟ್ ಅಂತ ಹೇಳಿ ತರೋಕೆ ಹೊರಟಿರುವಾಗ ನಮ್ಮ ನಾಲ್ಕು ಎಕರೆ ಬೆಟ್ಟದ ಲೆಕ್ಕ ಯಾರಿಗೆ ಬೇಕು ಅನ್ನಿಸಬಹುದು. ಬೇಕಾಗತ್ತೆ, ಅಹವಾಲು ಸಭೆಗಳಲ್ಲಿ ಬರೀ ಭಾವನೆ ಹೇಳೋರಿಗಿಂತ ದಿನಾಂಕ ಸಮೇತ ಫೋಟೋ, ಒರತೆ ಲೆಕ್ಕ ಇಟ್ಕೊಂಡು ಬಂದೋರ ಮಾತನ್ನ ದಾಖಲೆಯಿಂದ ತೆಗೆದು ಹಾಕೋದು ಕಷ್ಟ. 1983ರ ಸೆಪ್ಟೆಂಬರಲ್ಲಿ ಸಾಲ್ಕಣಿಯ ಜನ ಮರ ಕಡಿಯೋದು ತಡೆಯೋಕೆ ಮರ ಅಪ್ಕೊಂಡಿದ್ದು ಇದೇ ಸಿರ್ಸಿ ತಾಲೂಕಲ್ಲಿ, ಆ ಅಪ್ಪಿಕೋ ಚಳವಳಿಗೆ ನಾಲ್ಕು ದಶಕ ಆಯ್ತು, ಈಗ ಅಪ್ಪೋದರ ಜೊತೆ ಲೆಕ್ಕನೂ ಬೇಕು.

ಈ ನಡುವೆ ಕಾರ್ಬನ್ ಕ್ರೆಡಿಟ್ (ಮರ ಹಿಡಿದಿಟ್ಟ ಕಾರ್ಬನ್ ಲೆಕ್ಕ ಹಾಕಿ ಮಾರೋದು) ಕೊಡಿಸ್ತೀವಿ, ಎಕರೆಗೆ ಇಷ್ಟು ಸಾವಿರ ಬರತ್ತೆ ಅಂತ ಬಾಂಡ್ ಪೇಪರ್ ಹಿಡ್ಕೊಂಡು ಯಾರಾದ್ರೂ ಮನೆ ಬಾಗ್ಲಿಗೆ ಬಂದ್ರೆ ಮೊದ್ಲು ಪಹಣಿ ತೋರಿಸಿ, ಬೆಟ್ಟ ಸರ್ಕಾರದ್ದು, ಇದರ ಕ್ರೆಡಿಟ್ಟನ್ನ ನಾನು ಹೇಗೆ ಮಾರೋದು ಅಂತ ಕೇಳಿ. ಸ್ವಂತ ಜಾಗ ಆದ್ರೆ ಎಷ್ಟು ವರ್ಷದ ಕರಾರು, ನಡುವೆ ಮರ ಬಿದ್ರೆ ನಷ್ಟ ಯಾರಿಗೆ, ಜಾಗ ಮಾರಿದ್ರೆ ಏನು, ಸರ್ವೆ ಮತ್ತೆ ಆಡಿಟ್ ಖರ್ಚು ಯಾರದ್ದು, ಇಷ್ಟನ್ನೂ ಕನ್ನಡದಲ್ಲಿ ಬರೆದು ಕೊಡೋಕೆ ಹೇಳಿ. ಬರೆದು ಕೊಟ್ರೆ ವಕೀಲರ ಹತ್ರ ತೋರ್ಸಿ, ಇಲ್ಲಾಂದ್ರೆ ಒಂದು ಲೋಟ ಚಾ ಕೊಟ್ಟು ಕಳ್ಸಿ.